ಅತ್ತೆಯ ಸಹಿ ಯಾಕೆ ಬೇಕಾಯಿತು?

2009ರ ಬೇಸಿಗೆ. ಕೊರಟಗೆರೆ ಕಡೆ ಇರುವ ನಮ್ಮ ಹೊಲದಲ್ಲಿ ಬೋರ್ ಕೊರೆಸಬೇಕು ಅಂತ ಅಪ್ಪ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದರು. ತಾತ ತೀರಿಕೊಂಡು ಆರು ವರ್ಷ ಆಗಿದ್ದರೂ ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು. ಬ್ಯಾಂಕಿನವರು ವಂಶವೃಕ್ಷ ತನ್ನಿ ಅಂದರು. ಓಡಾಡಿ ಮಾಡಿಸಿ ತಂದ ವಂಶವೃಕ್ಷದಲ್ಲಿ ತಾತನ ಕೆಳಗೆ ಮೂರು ಹೆಸರಿತ್ತು: ಅತ್ತೆ, ಅಪ್ಪ, ಚಿಕ್ಕಪ್ಪ. ಮ್ಯಾನೇಜರು ಮೊದಲನೇ ಹೆಸರಿನ ಮೇಲೆ ಪೆನ್ನಿಟ್ಟು, "ಇವರ ಸಹಿ ಬೇಕಲ್ಲ ಸ್ವಾಮಿ" ಅಂದರಂತೆ.

ಅಪ್ಪನಿಗೆ ನಿಜಕ್ಕೂ ಆಶ್ಚರ್ಯ. ಅತ್ತೆ 1983ರಲ್ಲೇ ಗೌರಿಬಿದನೂರಿಗೆ ಮದುವೆಯಾಗಿ ಹೋದವರು. ಮನೆಯ ಲೆಕ್ಕದಲ್ಲಿ ಅವರು ಯುಗಾದಿಗೆ, ಗೌರಿ ಹಬ್ಬಕ್ಕೆ ಬರುವ ಹೆಣ್ಣುಮಗಳು. ಹೊಲದ ಲೆಕ್ಕದಲ್ಲಿ ಅವರು ಬರುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಅಪ್ಪ ಫೋನ್ ಮಾಡಿ, "ಅಕ್ಕ, ಸುಮ್ನೆ ಒಂದು ಸಹಿ ಅಷ್ಟೆ, ಬೆಳಗ್ಗೆ ಬಂದು ಸಾಯಂಕಾಲ ಹೊರಟುಬಿಡು" ಅಂದರು. ಅತ್ತೆ ಮೊದಲ ಬಸ್ಸಿಗೇ ಬಂದರು. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿಗಿನ ಪತ್ರ ಬರಹಗಾರರು ಹಕ್ಕು ಬಿಡುಗಡೆ ಪತ್ರ ಬರೆದು ಇಟ್ಟಿದ್ದರು. ಅತ್ತೆ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು, ಕಂಪ್ಯೂಟರ್ ಮೇಲಿನ ಸಣ್ಣ ಕ್ಯಾಮೆರಾಗೆ ಸೆರಗು ಸರಿಮಾಡಿಕೊಂಡು ಮುಖ ಕೊಟ್ಟರು. ಆಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಅರಿಶಿನ ಕುಂಕುಮಕ್ಕೆ ಅಂತ ಅಪ್ಪ 5,000 ರೂಪಾಯಿ, ಒಂದು ಸೀರೆ ಕೊಟ್ಟರು. ನಾನು ಆಗ ಪಿಯುಸಿ. ದೋಸೆ ಚೆನ್ನಾಗಿತ್ತು ಅನ್ನೋದು ಬಿಟ್ಟರೆ ಬೇರೇನೂ ನನ್ನ ತಲೆಗೆ ಹೋಗಿರಲಿಲ್ಲ.

ಯಾರೂ ಒಂದು ಮಾತು ಕೇಳದೆ ಇದ್ದ ಹೆಂಗಸಿನ ಸಹಿ ಇಲ್ಲದೆ ಬ್ಯಾಂಕು, ರಿಜಿಸ್ಟ್ರಾರು, ತಾಲೂಕು ಕಚೇರಿ ಯಾವುದೂ ಮುಂದಕ್ಕೆ ಹೋಗದ ಹಾಗೆ ಯಾವಾಗ ಆಯಿತು? ಮಾಡಿದ್ದು ಯಾರು? ಸ್ತ್ರೀವಾದ ಅಂದರೆ ಬೆಂಗಳೂರಿನ ಟೌನ್ ಹಾಲ್ ಮುಂದೆ ಪ್ಲಕಾರ್ಡ್ ಹಿಡಿದು ನಿಲ್ಲೋದು ಅಂತ ನಮ್ಮ ಊರ ಕಡೆ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದೂ ಹೌದು. ಆದರೆ ಅದು ನಮ್ಮ ಮನೆಗೆ ಬಂದದ್ದು ವಂಶವೃಕ್ಷದ ಒಂದು ಗೆರೆಯಾಗಿ, ಬ್ಯಾಂಕ್ ಮ್ಯಾನೇಜರ ಪೆನ್ನಿನ ತುದಿಯಲ್ಲಿ. ಯಾರನ್ನು ಕೇಳದೆ ಸರ್ಕಾರ ಏನನ್ನೂ ಮಾಡಬಾರದು ಅನ್ನುವ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಸೇರಿಸುವುದು, ನೂರು ವರ್ಷದ ಹೋರಾಟದ ದೊಡ್ಡ ಭಾಗ ಇಷ್ಟೇ.

ಆಸ್ತಿಯ ಕಥೆ ನಮ್ಮ ಸೀಮೆಯಲ್ಲಿ ಸ್ವಲ್ಪ ಬೇಗನೇ ಶುರುವಾಯಿತು. ತುಮಕೂರು, ಕೋಲಾರ ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು (ಚಿಕ್ಕಬಳ್ಳಾಪುರ ಆಗ ಕೋಲಾರದ ಒಳಗೇ, ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ). ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಮೈಸೂರಿನಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಕುಟುಂಬ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದು ಪಾಲು ಕೊಡಬೇಕು ಅಂತ ಅದು ಹೇಳಿತು. ಪಾಲು ಗಂಡಸರದ್ದಕ್ಕಿಂತ ಚಿಕ್ಕದು, ನಿಜ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ಇದೇ ದಿಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ನಮ್ಮ ಮುತ್ತಜ್ಜಿಯರ ಕಾಲಕ್ಕೇ ಕಾಗದದ ಮೇಲೆ ಹಕ್ಕಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಸ್ವಾತಂತ್ರ್ಯದ ನಂತರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಮಗಳು ಅಪ್ಪನ ವಾರಸುದಾರಳು ಅಂತ ಅದು ಒಪ್ಪಿತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಈ ಮಾತು ಕೇಳಿದರೆ ತಲೆ ತಿರುಗುತ್ತೆ, ಅದಕ್ಕೇ ಲೆಕ್ಕ ಹಾಕಿ ನೋಡೋಣ. 12 ಎಕರೆ ಪಿತ್ರಾರ್ಜಿತ ಜಮೀನು, ಒಬ್ಬ ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಅಂತ ಇಟ್ಟುಕೊಳ್ಳಿ, ಅಮ್ಮ ಮೊದಲೇ ತೀರಿಕೊಂಡಿದ್ದಾರೆ. ಅಪ್ಪ ತೀರಿಕೊಂಡಾಗ ಮೊದಲು ಆ 12 ಎಕರೆಯನ್ನು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಮೂರು ಪಾಲು ಮಾಡಬೇಕು, ತಲಾ 4 ಎಕರೆ. ಆಮೇಲೆ ಅಪ್ಪನ ಆ 4 ಎಕರೆಯನ್ನು ಮಾತ್ರ ಮೂರೂ ಮಕ್ಕಳಿಗೆ ಹಂಚಬೇಕು. ಮಗಳಿಗೆ ಸಿಗೋದು 1 ಎಕರೆ 13 ಗುಂಟೆ. ಅಣ್ಣತಮ್ಮಂದಿರಿಗೆ ತಲಾ 5 ಎಕರೆ 13 ಗುಂಟೆ. ಅಂದರೆ 1956ರ ಲೆಕ್ಕದಲ್ಲೂ ಅತ್ತೆಯ ಸಹಿ ಬೇಕೇ ಬೇಕಿತ್ತು, ಆ 1 ಎಕರೆ 13 ಗುಂಟೆಗೆ. ನಮ್ಮಪ್ಪನಿಗೆ ಅದು ಅರ್ಧ ಶತಮಾನದ ನಂತರ ಗೊತ್ತಾಯಿತು, ಅಷ್ಟೆ.

ಈ ಲೆಕ್ಕವನ್ನು ಮೊದಲು ಮುರಿದದ್ದು ದಕ್ಷಿಣದ ರಾಜ್ಯಗಳು. ಆಂಧ್ರ, ತಮಿಳುನಾಡು ಆದ ಮೇಲೆ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂದಿತು. ಆದರೆ ಬಾಲದಲ್ಲಿ ಒಂದು ಮಾತು ಸಿಕ್ಕಿಸಿತ್ತು: ಈ ಕಾಯ್ದೆಗಿಂತ ಮೊದಲೇ ಮದುವೆಯಾದವಳಿಗೆ ಇಲ್ಲ. 1983ರಲ್ಲಿ ಹಸೆಮಣೆ ಏರಿದ ನಮ್ಮ ಅತ್ತೆ ಅಲ್ಲಿಗೆ ಹೊರಗೆ. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಮದುವೆಯ ಗೆರೆಯನ್ನು ಅಳಿಸಿ ಹಾಕಿತು. ಆಮೇಲೆ ಹೊಸ ತಕರಾರು. ಅವತ್ತಿಗೆ ಅಪ್ಪ ಬದುಕಿರಬೇಕಾ, ಬೇಡವಾ? ಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಅದೂ ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ. ಬೇಡ, ಹುಟ್ಟಿನಿಂದ ಬಂದ ಹಕ್ಕಿಗೆ ಅಪ್ಪನ ಸಾವಿನ ತಾರೀಕು ಯಾಕೆ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಪಾಲಾಗಿ ಹೋಗಿದ್ದನ್ನು ಮಾತ್ರ ಮುಟ್ಟುವ ಹಾಗಿಲ್ಲ. "ಬಾಯಿಮಾತಲ್ಲೇ ಪಾಲಾಗಿತ್ತು ಸ್ವಾಮಿ" ಅನ್ನುವ ಹಳೆಯ ಕಥೆಯನ್ನು ಸುಲಭಕ್ಕೆ ನಂಬಬೇಡಿ ಅಂತಲೂ ಅದೇ ತೀರ್ಪಿನಲ್ಲಿದೆ. ಈಗಿನ ಲೆಕ್ಕದಲ್ಲಿ ಆ 12 ಎಕರೆ ಮೂವರಿಗೂ ತಲಾ 4 ಎಕರೆ. ಅತ್ತೆ ದೋಸೆ ತಿಂದು ಬಿಟ್ಟುಕೊಟ್ಟದ್ದು ಒಂದು ಎಕರೆ ಚಿಲ್ಲರೆ ಅಂತ ನಾನು ಅಂದುಕೊಂಡಿದ್ದೆ. ಅದು ಮೂರನೇ ಒಂದು ಭಾಗ.

ಕಾನೂನು ಬದಲಾದ ಮೇಲೆ ಊರು ಏನು ಮಾಡಿತು ಅನ್ನೋದೇ ಇಲ್ಲಿ ಸ್ವಾರಸ್ಯ. ವಸಂತನರಸಾಪುರದ ಕಡೆ, ಕೋಲಾರದ ನರಸಾಪುರ, ವೇಮಗಲ್ ಕಡೆ ಕೈಗಾರಿಕೆಗೆ ಜಮೀನು ಹೋದಾಗ, ಹೈವೇ ಪಕ್ಕದ ಎಕರೆಗೆ ಬೆಲೆ ಬಂದಾಗ, ಎಲ್ಲೋ ಇದ್ದ ಅಕ್ಕತಂಗಿಯರು ಇದ್ದಕ್ಕಿದ್ದ ಹಾಗೆ ಬಹಳ ಮುಖ್ಯ ಆಗಿಬಿಟ್ಟರು. ಪರಿಹಾರದ ಚೆಕ್ ಬೇಕು ಅಂದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಕೆಲವರು ಪಾಲು ಕೇಳಿದರು, ಪಡೆದರು. ತುಂಬಾ ಜನ ನಮ್ಮ ಅತ್ತೆಯ ಹಾಗೆ ಸೀರೆ ಪಡೆದು ಸಹಿ ಹಾಕಿದರು. ಕೇಳಿದವರಿಗೆ ತವರಿನ ಬಾಗಿಲು ಮುಚ್ಚಿತು, ಕೇಳದವರಿಗೆ "ಬಂಗಾರದಂಥ ಹೆಣ್ಣುಮಗಳು" ಅನ್ನುವ ಬಿರುದು ಸಿಕ್ಕಿತು. ಹಕ್ಕು ಕೊಟ್ಟದ್ದೂ ಕಾನೂನು, ಆ ಹಕ್ಕನ್ನು ವಾಪಸು ಬರೆಸಿಕೊಳ್ಳಲು ನೋಂದಣಿಯ ದಾರಿ ಇಟ್ಟದ್ದೂ ಕಾನೂನು. ಹಾಗಂತ ಕಾನೂನು ಸುಳ್ಳು ಅಂತ ನಾನು ಹೇಳಲ್ಲ. ಮೊದಲು ಕೇಳದೇ ತೆಗೆದುಕೊಳ್ಳುತ್ತಿದ್ದರು, ಈಗ ಕೇಳಿ ತೆಗೆದುಕೊಳ್ಳಬೇಕು. ಕೇಳಬೇಕಾಗಿ ಬಂದ ದಿನ ಇಲ್ಲ ಅನ್ನುವ ಅವಕಾಶವೂ ಬಂತಲ್ಲ.

ಇನ್ನು ಪೊಲೀಸು, ಕೋರ್ಟು, ಜೈಲಿನ ವಿಷಯ. ಇಲ್ಲಿ ಕಥೆ ಸ್ವಲ್ಪ ಕಹಿ.

1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯ ಆವರಣದಲ್ಲೇ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರಿಂದ ಅತ್ಯಾಚಾರ ಆಯಿತು ಅನ್ನುವ ಪ್ರಕರಣ. ಹೈಕೋರ್ಟು ಶಿಕ್ಷೆ ಕೊಟ್ಟಿತ್ತು. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯ ಇಲ್ಲ, ಪ್ರತಿರೋಧ ಮಾಡಿದ್ದಕ್ಕೆ ಗುರುತಿಲ್ಲ ಅನ್ನುವುದು ಅದರ ತರ್ಕ. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಿರೋದು ಒಪ್ಪಿಗೆ ಹೇಗಾಗುತ್ತೆ ಅನ್ನೋದು ಅವರ ಪ್ರಶ್ನೆಯ ತಿರುಳು. ಆ ಪತ್ರ ಊರೂರಿನ ಮಹಿಳಾ ಸಂಘಟನೆಗಳ ಕೈಗೆ ಸಿಕ್ಕಿ ಬೀದಿಗೆ ಬಂತು, ಬೀದಿಯಿಂದ 1983ರ ತಿದ್ದುಪಡಿಯಾಗಿ ಸಂಸತ್ತಿಗೆ ಹೋಯಿತು. ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರಕ್ಕೆ ಬೇರೆ ಕಲಂ ಬಂತು. ಅಲ್ಲಿ ಹೆಂಗಸು "ನಾನು ಒಪ್ಪಿರಲಿಲ್ಲ" ಅಂದರೆ ಕೋರ್ಟು ಅದನ್ನು ನಂಬಿ ಮುಂದುವರಿಯಬೇಕು, ಸುಳ್ಳು ಅಂತ ತೋರಿಸುವ ಭಾರ ಆರೋಪಿಯದ್ದು. ಸರ್ಕಾರದ ಸಮವಸ್ತ್ರವೇ ಮಾಡಿದ ಅಪರಾಧಕ್ಕೆ ಸರ್ಕಾರದ ಹತ್ತಿರವೇ ಕಾನೂನು ಕೇಳಬೇಕಾದ ಸ್ಥಿತಿ ನೋಡಿ. ಹೆಂಗಸರು ಸರ್ಕಾರದ ಕಡೆ ಹೋದದ್ದು ಅದರ ಮೇಲಿನ ಪ್ರೀತಿಗೆ ಅಲ್ಲ, ಮನೆಯ ಬಾಗಿಲು ತಟ್ಟಿಸುವ ಶಕ್ತಿ ಬೇರೆ ಯಾರಿಗೂ ಇರಲಿಲ್ಲ.

ಅದೇ ಕಾಲಕ್ಕೆ ಪೇಪರಿನಲ್ಲಿ "ಸ್ಟೋವ್ ಸಿಡಿದು ಗೃಹಿಣಿ ಸಾವು" ಅಂತ ಎರಡು ಸಾಲಿನ ಸುದ್ದಿ ಬರುತ್ತಿತ್ತು. ನನ್ನ ಅಮ್ಮನ ತಲೆಮಾರಿನವರಿಗೆ ಈ ಸಾಲು ಬಾಯಿಪಾಠ. ಸಿಡಿಯುವ ಸ್ಟೋವ್ ಯಾವಾಗಲೂ ಸೊಸೆಯನ್ನೇ ಯಾಕೆ ಸುಡುತ್ತೆ, ಅತ್ತೆಯನ್ನು ಯಾಕಲ್ಲ ಅಂತ ಕೇಳಿದ್ದು ಮಹಿಳಾ ಸಂಘಟನೆಗಳು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹೆಸರಿಗಿತ್ತು. 1983ರಲ್ಲಿ ಗಂಡ ಮತ್ತು ಅವನ ಮನೆಯವರು ಕೊಡುವ ಹಿಂಸೆಯನ್ನು ಅಪರಾಧ ಮಾಡಿದ ದಂಡ ಸಂಹಿತೆಯ ಕಲಂ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತರೆ, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಇತ್ತು ಅಂತ ತೋರಿಸಿದರೆ, ಉತ್ತರ ಕೊಡಬೇಕಾದವರು ಗಂಡನ ಮನೆಯವರು. ಇವತ್ತಿಗೂ ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳು ಹೀಗೆ ತೀರಿಕೊಂಡರೆ ಶವ ಪಂಚನಾಮೆಗೆ ತಹಶೀಲ್ದಾರರು ಬರಬೇಕು. ಊರವರು "ತಹಶೀಲ್ದಾರ್ ಬರೋವರೆಗೂ ಎತ್ತಂಗಿಲ್ಲ" ಅಂತ ಗೇಟಿನ ಹತ್ತಿರ ಕಾಯುತ್ತಾ ನಿಂತಿರುತ್ತಾರೆ. ಕಂದಾಯದ ಅಧಿಕಾರಿಗೆ ಆ ಕೆಲಸ ಯಾಕೆ ಅಂತ ಕೇಳಿದರೆ, ಬರೀ ಪೊಲೀಸರ ಮಾತನ್ನು ನಂಬಲು ಆಗಲ್ಲ ಅನ್ನುವ ಅನುಮಾನ ಕಾನೂನಿನ ಒಳಗೇ ಕೂತಿದೆ ಅಂತ ಅರ್ಥ.

498ಎ (ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 85) ಬಗ್ಗೆ ಜಗಳ ಇವತ್ತಿಗೂ ಮುಗಿದಿಲ್ಲ. ದುರುಪಯೋಗ ಆಗುತ್ತೆ ಅನ್ನುವವರು ಜಾಸ್ತಿ. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾರಣ ಬರೆದಿಡದೆ ಸುಮ್ಮನೆ ಬಂಧಿಸಬೇಡಿ ಅಂತ ಪೊಲೀಸರಿಗೆ ಹೇಳಿತು. ನನಗೆ ಆ ಜಗಳಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ಹೊಡೆತ ತಿಂದ ಹೆಂಗಸನ್ನು ಕೂರಿಸಿ ಕೇಳಿ, "ನಿನಗೆ ಏನು ಬೇಕಮ್ಮ?" ಗಂಡನನ್ನು ಜೈಲಿಗೆ ಹಾಕಿ ಅನ್ನೋರು ಕಡಿಮೆ. ಹೊಡೆಯೋದು ನಿಲ್ಲಬೇಕು, ಮನೆಯಿಂದ ಆಚೆ ಹಾಕಬಾರದು, ಮಕ್ಕಳ ಫೀಸು ಕಟ್ಟಬೇಕು. ಅವಳು ಕೇಳೋದು ಇದನ್ನ. ಇದಕ್ಕೆ ಕ್ರಿಮಿನಲ್ ಕೋರ್ಟಿನಲ್ಲಿ ಉತ್ತರವೇ ಇರಲಿಲ್ಲ. ಗಂಡ ಜೈಲಿಗೆ ಹೋದರೆ ಕೂಲಿಯೂ ಹೋಯಿತು, ಅತ್ತೆ ಮನೆಯ ಬಾಗಿಲೂ ಹೋಯಿತು.

ಹೀಗಾಗಿ ಇಂದಿರಾ ಜೈಸಿಂಗ್ ಮತ್ತು ಅವರ ಲಾಯರ್ಸ್ ಕಲೆಕ್ಟಿವ್ ಸಂಸ್ಥೆಯವರು ಬೇರೆ ಥರದ ಒಂದು ಕಾನೂನಿನ ಕರಡು ಬರೆದರು. ಅದೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಬೀದಿಯಲ್ಲಿದ್ದವರೇ ಕಲಂಗಳನ್ನು ಬರೆದುಕೊಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಸಿಗಲ್ಲ. ಮನೆ ಯಾರ ಹೆಸರಿನಲ್ಲೇ ಇರಲಿ, ಅವಳು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ ಅಂತ ಅದು ಹೇಳುತ್ತೆ. ಮಾವನ ಹೆಸರಿನ ಮನೆಗೂ ಅದು ಅನ್ವಯ ಆಗಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಹತ್ತಿರ ಬರಬೇಡ ಅನ್ನುವ ರಕ್ಷಣಾ ಆದೇಶ, ಖರ್ಚಿಗೆ ಹಣ, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನೋದು, ಎಲ್ಲಾ ಒಂದೇ ಅರ್ಜಿಯಲ್ಲಿ. ಆದೇಶ ಮುರಿದರೆ ಆಗ ಅಪರಾಧ. ಜೊತೆಗೆ ವಕೀಲರಿಲ್ಲದೆಯೂ ಅವಳ ಕೈ ಹಿಡಿಯೋಕೆ ಸಂರಕ್ಷಣಾಧಿಕಾರಿ ಅಂತ ಹೊಸ ಹುದ್ದೆ.

ನಮ್ಮ ರಾಜ್ಯದಲ್ಲಿ ಆ ಹುದ್ದೆಯನ್ನು ತಾಲೂಕಿನ ಸಿಡಿಪಿಒಗಳ ಹೆಗಲಿಗೇ ಹಾಕಿದರು. ತಾಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಅದೇ ಅಧಿಕಾರಿ. ಮೊಟ್ಟೆ ಬಂತಾ, ಕಟ್ಟಡ ಸೋರುತ್ತಾ, ಬಾಲ್ಯವಿವಾಹ ಎಲ್ಲಿ ನಡೀತಿದೆ, ಇದರ ನಡುವೆ ಹಿಂಸೆಯ ವರದಿ ನಮೂನೆ ತುಂಬಿ ಕೋರ್ಟಿಗೆ ಕಳಿಸಬೇಕು. ಮೊದಲ ವಿಚಾರಣೆ ಮೂರು ದಿನದೊಳಗೆ, ಅರ್ಜಿ ಇತ್ಯರ್ಥ 60 ದಿನದೊಳಗೆ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ಕೋರ್ಟಿಗೆ ಅಲೆದವರ ಹತ್ತಿರ ಈ 60 ದಿನದ ಮಾತು ಹೇಳಿ ನೋಡಿ, ನಗುತ್ತಾರೆ. ಒಳ್ಳೆಯ ಕಾನೂನು ಬರೆದುಕೊಟ್ಟರೂ, ಅದನ್ನು ನಡೆಸುವ ಜನ, ದುಡ್ಡು, ಜೀಪು ಕೊಡುವ ಕೈ ಬೇರೆಯವರದ್ದು. ಆದರೂ ಕಷ್ಟದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಕೇಂದ್ರದ ಸಖಿ ಕೇಂದ್ರಕ್ಕೆ ಹೋಗಬಹುದು. ಪೊಲೀಸ್ ಕಂಪ್ಲೇಂಟ್ ಕೊಟ್ಟಿರಲೇಬೇಕು ಅಂತೇನಿಲ್ಲ.

ಸರ್ಕಾರದ ಜೊತೆ ಕೆಲಸ ಮಾಡೋದರ ನಿಜವಾದ ಪೇಚು ಗೊತ್ತಾಗಬೇಕು ಅಂದರೆ 2013 ನೋಡಬೇಕು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನದಲ್ಲಿ ವರದಿ ಕೊಟ್ಟಿತು. ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು ಅದರಲ್ಲಿ ಬಹಳಷ್ಟಿತ್ತು. ಮದುವೆಯೊಳಗಿನ ಅತ್ಯಾಚಾರಕ್ಕೆ ಇರುವ ವಿನಾಯಿತಿ ತೆಗೆಯಿರಿ, ಸೈನ್ಯಕ್ಕೆ ಇರುವ ವಿಶೇಷ ರಕ್ಷಣೆ ಮರುಪರಿಶೀಲಿಸಿ, ಗಲ್ಲು ಶಿಕ್ಷೆ ಬೇಡ ಅಂತ ಅದು ಹೇಳಿತು. ಸರ್ಕಾರ ಹಿಂಬಾಲಿಸುವುದು, ಕದ್ದು ನೋಡುವುದು, ಆಸಿಡ್ ದಾಳಿ ಇವನ್ನೆಲ್ಲ ಅಪರಾಧ ಮಾಡಿತು, ಒಳ್ಳೆಯದೇ ಆಯಿತು. ಆದರೆ ಗಂಡ ಅನ್ನುವ ವಿನಾಯಿತಿ ಹಾಗೇ ಉಳಿಯಿತು, ಸೈನ್ಯದ ಮಾತು ಬರಲೇ ಇಲ್ಲ, ಬೇಡ ಅಂದಿದ್ದ ಗಲ್ಲು ಮಾತ್ರ ಕೆಲವು ಪ್ರಕರಣಗಳಿಗೆ ಬಂತು. ಹೆಂಗಸರು ಹತ್ತು ಕೇಳಿದರೆ ಸರ್ಕಾರ ತನ್ನ ಕೈ ಉದ್ದ ಮಾಡುವ ನಾಲ್ಕನ್ನು ಮೊದಲು ಆರಿಸಿಕೊಳ್ಳುತ್ತೆ. 2022ರಲ್ಲಿ ಕರ್ನಾಟಕ ಹೈಕೋರ್ಟು ಗಂಡನ ಮೇಲಿನ ಅತ್ಯಾಚಾರದ ಆರೋಪ ರದ್ದು ಮಾಡಲು ಒಪ್ಪದೆ ದೇಶವೇ ತಿರುಗಿ ನೋಡುವ ಹಾಗೆ ಮಾಡಿತು, ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2024ರ ಜುಲೈ 1ರಂದು ಜಾರಿಯಾದ ಹೊಸ ನ್ಯಾಯ ಸಂಹಿತೆಯಲ್ಲೂ, ಹೆಂಡತಿಗೆ 18 ತುಂಬಿದ್ದರೆ ಆ ವಿನಾಯಿತಿ ಇದ್ದೇ ಇದೆ.

ಇನ್ನೊಂದು ಪೇಚು ನಮ್ಮ ಹಳ್ಳಿಗಳಲ್ಲಿ ದಿನಾ ಕಾಣುತ್ತೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳ ರಕ್ಷಣೆಗೆ ಅಂತ 2012ರಲ್ಲಿ ಪೋಕ್ಸೋ ಕಾಯ್ದೆ ಬಂತು, 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವ ಗೆರೆ ಗಟ್ಟಿಯಾಯಿತು. ಹದಿನೇಳರ ಹುಡುಗಿ ಬೇರೆ ಜಾತಿಯ ಹುಡುಗನ ಜೊತೆ ಚಿಂತಾಮಣಿಯಿಂದ ಬಸ್ ಹತ್ತಿದರೆ ಅವಳ ಅಪ್ಪನಿಗೆ ಈಗ ಮಚ್ಚು ಬೇಕಿಲ್ಲ, ಠಾಣೆಗೆ ಹೋದರೆ ಸಾಕು. ಅದೇ ಅಪ್ಪ ಅದೇ ಹುಡುಗಿಯನ್ನು ಸ್ವಂತ ಜಾತಿಯ ಮಾವನಿಗೆ ಕೊಟ್ಟು ಮದುವೆ ಮಾಡಲು ಹೊರಟರೆ ಊರೆಲ್ಲ ಊಟಕ್ಕೆ ಬರುತ್ತೆ. ಕರ್ನಾಟಕ 2017ರಿಂದ ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧು ಅಂತ ಮಾಡಿದೆ, ಬೇರೆ ಬಹಳಷ್ಟು ರಾಜ್ಯಗಳಿಗಿಂತ ಒಂದು ಹೆಜ್ಜೆ ಮುಂದೆ. ಆದರೆ ದೂರು ಕೊಡೋರು ಯಾರು, ಯಾರ ಮೇಲೆ ಅನ್ನೋದನ್ನು ಕಾನೂನು ತೀರ್ಮಾನ ಮಾಡಲ್ಲ. ಅದನ್ನು ಜಾತಿಯೇ ಮಾಡುತ್ತೆ.

ರಕ್ಷಣೆ ಅನ್ನುವ ಪದದ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ಅನುಮಾನ. ಕೋಲಾರದ ಚಿನ್ನದ ಗಣಿ ಕೆಜಿಎಫ್ ನೋಡಿ. 1952ರ ಗಣಿ ಕಾಯ್ದೆಯ 46ನೇ ಕಲಂ ಪ್ರಕಾರ ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಅವರ ಒಳ್ಳೆಯದಕ್ಕೇ ಅಂತ ಅಂದುಕೊಳ್ಳೋಣ. ನೆಲದಡಿಯ ಕೆಲಸ, ಅದರ ಸಂಬಳ ಎಲ್ಲಾ ಗಂಡಸರದ್ದೇ ಆಯಿತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ ಹೆಂಗಸರೂ ಕೆಳಗೆ ಇಳಿಯಬಹುದು ಅಂತ ಸಡಿಲ ಮಾಡಿತು. ಕೋಲಾರದ ಗಣಿ ಮುಚ್ಚಿ ಆಗ 18 ವರ್ಷ.

ಕೆಲಸದ ಜಾಗದ ಮಾತು ಬಂದ ಮೇಲೆ ಶಿಡ್ಲಘಟ್ಟಕ್ಕೆ ಹೋಗಲೇಬೇಕು. ಅಲ್ಲಿನ ಓಣಿಗಳಲ್ಲಿ ನಡೆದರೆ ಬೇಯಿಸಿದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯುತ್ತೆ. ಚಿಕ್ಕ ಚಿಕ್ಕ ನೂಲು ಬಿಚ್ಚುವ ಘಟಕಗಳು, ಒಂದೊಂದರಲ್ಲಿ ಆರೇಳು ಜನ, ಬಿಸಿನೀರಲ್ಲಿ ಬೆರಳು ಬೆಳ್ಳಗೆ ಸುಕ್ಕಾಗಿರುವ ಹೆಂಗಸರು. ಅಲ್ಲಿ ಮಾಲೀಕನೇ ಮೈಮೇಲೆ ಕೈ ಹಾಕಿದರೆ ಯಾರಿಗೆ ಹೇಳೋದು? ರಾಜಸ್ಥಾನದಲ್ಲಿ ಭಂವರಿ ದೇವಿ ಎಂಬ ಹೆಣ್ಣುಮಗಳು ಸರ್ಕಾರದ ಯೋಜನೆಯಲ್ಲೇ ಕಾರ್ಯಕರ್ತೆ. 1992ರಲ್ಲಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ ಅವಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಸರ್ಕಾರದ ಕೆಲಸ ಮಾಡಿದ್ದಕ್ಕೆ ಆದ ಶಿಕ್ಷೆ, ಸರ್ಕಾರ ಕೈ ತೊಳೆದುಕೊಂಡಿತು. ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು, 1997ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ನಿಯಮ ಹಾಕಿದ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಅದು ಕಾಯ್ದೆ ಆಯಿತು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧ ಹೆಂಗಸರು, ಹೊರಗಿನವರು ಒಬ್ಬರು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ನರಸಾಪುರದ ದೊಡ್ಡ ಕಾರ್ಖಾನೆಗಳಿಗೆ, ತುಮಕೂರಿನ ಗಾರ್ಮೆಂಟ್ಸ್‌ಗೆ ಇದು ಸರಿ. ಆರೇಳು ಜನರ ಘಟಕಕ್ಕೆ, ಮನೆಗೆಲಸದವರಿಗೆ? ಅವರಿಗೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರಬೇಕು, ತಾಲೂಕಿನಲ್ಲಿ ದೂರು ತೆಗೆದುಕೊಂಡು ಏಳು ದಿನದಲ್ಲಿ ಮೇಲಕ್ಕೆ ಕಳಿಸುವ ನೋಡಲ್ ಅಧಿಕಾರಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಗೂಡು ಬಿಡಿಸುವ ಹೆಂಗಸಿಗೆ ಈ ಸಮಿತಿ ಇದೆ ಅಂತ ಹೇಳೋರು ಯಾರು ಅನ್ನೋದಕ್ಕೆ ಮಾತ್ರ ಕಾಯ್ದೆಯಲ್ಲಿ ಗಟ್ಟಿ ಉತ್ತರ ಇಲ್ಲ. ಒಂದು ಬೋರ್ಡು ಸಾಕಿತ್ತು, ಗೂಡಿನ ಮಾರುಕಟ್ಟೆಯ ಗೋಡೆ ಮೇಲೆ.

ಕುರ್ಚಿಯ ವಿಷಯದಲ್ಲಿ ಕರ್ನಾಟಕ ನಿಜಕ್ಕೂ ಮೊದಲು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ನಜೀರ್ ಸಾಬ್ ಪಂಚಾಯತ್ ಕಾಯ್ದೆ ತಂದು, 1987ರ ಚುನಾವಣೆಯಲ್ಲಿ ಹೆಂಗಸರಿಗೆ ಶೇ. 25 ಮೀಸಲಾತಿ ಕೊಟ್ಟರು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟದ್ದು 1993ರಲ್ಲಿ. 2010ರಿಂದ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರದ್ದು.

"ಅಧ್ಯಕ್ಷರು ಎಲ್ಲಿ?" ಅಂತ ಯಾವುದೋ ಪಂಚಾಯಿತಿ ಕಚೇರಿಯಲ್ಲಿ ಕೇಳಿ ನೋಡಿ, ಒಬ್ಬ ಗಂಡಸು ಎದ್ದು ನಿಂತು "ಹೇಳಿ ಸಾರ್" ಅನ್ನಬಹುದು. ಅಧ್ಯಕ್ಷರ ಯಜಮಾನ್ರು. ಬಿಲ್ ಪಾಸಾಗಲು ಪಿಡಿಒ ಜೊತೆ ಅಧ್ಯಕ್ಷರ ಸಹಿಯೂ ಬೇಕು, ಈಗ ಆ ಸಹಿ ಡಿಜಿಟಲ್ ಆಗಿದೆ, ಡೊಂಗಲ್ ಒಳಗೆ ಕೂತಿದೆ. ಆ ಡೊಂಗಲ್ ಯಜಮಾನ್ರ ಅಂಗಿ ಜೇಬಿನಲ್ಲಿ. ಮತ್ತೆ ಅದೇ ಕಥೆ ನೋಡಿ: ಹೆಣ್ಣಿನ ಸಹಿ ಬೇಕು, ಹೆಣ್ಣು ಬೇಡ. ಇದನ್ನು ಹಿಡಿದು ಮೀಸಲಾತಿಯೇ ದಂಡ ಅನ್ನುವವರಿಗೆ ನನ್ನ ಒಂದು ಮಾತಿದೆ. ಪಶ್ಚಿಮ ಬಂಗಾಳ, ರಾಜಸ್ಥಾನದಲ್ಲಿ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಮಾಡಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಹಿಳಾ ಅಧ್ಯಕ್ಷರಿದ್ದ ಪಂಚಾಯಿತಿಗಳು ಹೆಂಗಸರು ಜಾಸ್ತಿ ಕೇಳುವ ಕೆಲಸಕ್ಕೆ, ಮುಖ್ಯವಾಗಿ ಕುಡಿಯುವ ನೀರಿಗೆ, ಜಾಸ್ತಿ ಖರ್ಚು ಮಾಡಿದ್ದು ಕಂಡಿತು. ಮೀಸಲು ಸೀಟು ಸರದಿಯಂತೆ ಬರುವುದರಿಂದ ಹೋಲಿಕೆ ಮಾಡುವುದು ಸಾಧ್ಯವಾಯಿತು. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಪಾವಗಡದವರಿಗೆ, ಬಾಗೇಪಲ್ಲಿಯವರಿಗೆ ಇದು ಸಣ್ಣ ವಿಷಯ ಅಲ್ಲ. ಒಂದೇ ತೊಂದರೆ, ಅಧ್ಯಕ್ಷ ಗಾದಿ ಇರೋದು 30 ತಿಂಗಳು. ಡೊಂಗಲ್ ಯಾವುದಕ್ಕೆ ಅಂತ ಅವಳಿಗೆ ಗೊತ್ತಾಗುವ ಹೊತ್ತಿಗೆ ಮೀಸಲಾತಿ ಬದಲಾಗಿರುತ್ತೆ.

ಮೇಲಿನ ಮನೆಯ ಕಥೆ ಬೇರೆ. 2023ರಲ್ಲಿ ಆರಿಸಿ ಬಂದ 224 ಶಾಸಕರಲ್ಲಿ ಹೆಂಗಸರು 10. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಕೊಡುವ ಮಸೂದೆ ಮೊದಲು ಬಂದದ್ದು ದೇವೇಗೌಡರು ಪ್ರಧಾನಿ ಆಗಿದ್ದಾಗ, 1996ರಲ್ಲಿ. ಪಾಸಾದದ್ದು 2023ರಲ್ಲಿ, ಅದೂ ಜನಗಣತಿ ಆಗಿ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅನ್ನುವ ಷರತ್ತಿನ ಜೊತೆ. ಹಳ್ಳಿಯ ಕುರ್ಚಿ ಬಿಟ್ಟುಕೊಡಲು ಹಿಡಿಯದಷ್ಟು ಕಾಲ ದೆಹಲಿಯ ಕುರ್ಚಿಗೆ ಹಿಡಿಯಿತು.

ಹಣದ ವಿಷಯಕ್ಕೆ ಬಂದರೆ ಸರ್ಕಾರದ ಕಿವಿ ಇನ್ನೂ ಮಂದ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ತುಮಕೂರಿನ ಮೇಲೆ ಬೆಂಗಳೂರಿಗೆ ನಡೆದು ಹೋದರು. 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿದ್ದ ಸರ್ಕಾರಕ್ಕೆ ಬಾಟಲಿ ಮದ್ಯ ನಿಲ್ಲಿಸುವ ಮನಸ್ಸು ಬರಲಿಲ್ಲ, ಅಬಕಾರಿ ವರಮಾನ ಅಷ್ಟು ಸಿಹಿ. ಆದರೆ 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆ ಅಂತ ಬರೆಯಿತು. ಆ ಒಂದು ಗೆರೆಯ ಮೇಲೆ ನಿಂತು 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವಳ ಖಾತೆಗೆ ಬರುತ್ತಿದೆ. ನಮ್ಮ ಕಡೆ ಯಜಮಾನಿ ಅಂದರೆ ಯಜಮಾನರ ಹೆಂಡತಿ ಅಂತ ಅರ್ಥ ಇತ್ತು. ಈಗ ಅರ್ಜಿಯಲ್ಲಿ ಯಜಮಾನಿ ಮೊದಲು, ಯಜಮಾನರು ಆಮೇಲೆ.

ಅತ್ತೆಗೂ ಆ ಹಣ ಬರುತ್ತೆ. ಮೊನ್ನೆ ಗೌರಿಬಿದನೂರಿಗೆ ಹೋಗಿದ್ದಾಗ ಅವರು ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದರು. 2020ರ ತೀರ್ಪಿನ ವಿಷಯ, 4 ಎಕರೆಯ ಲೆಕ್ಕ, ಎಲ್ಲಾ ಬಿಡಿಸಿ ಹೇಳಿದೆ. ಅವರು ಬಿಟ್ಟುಕೊಟ್ಟ ಹೊಲದ ಪಹಣಿಯಲ್ಲಿ ಈಗ ನನ್ನ ಹೆಸರೂ ಇದೆ ಅನ್ನುವುದನ್ನೂ ಹೇಳಿದೆ. ನೋಂದಣಿಯಾದ ಪತ್ರ, ಅವತ್ತು ಯಾರೂ ಓದಿ ಹೇಳಿರಲಿಲ್ಲ ಅನ್ನೋದಷ್ಟರಿಂದಲೇ ಅದನ್ನು ಮುರಿಯೋದು ಸುಲಭ ಅಲ್ಲ ಅಂತಲೂ ಹೇಳಿದೆ. ಅತ್ತೆ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸಿಪ್ಪೆಯ ರಾಶಿಯನ್ನೇ ಕೈಯಲ್ಲಿ ಆಚೆ ಈಚೆ ಸರಿಸುತ್ತಾ ಕೂತರು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳನ್ನು ಶಿರಾಕ್ಕೆ ಕೊಟ್ಟಿದ್ದಾರೆ. ಮಾವ ಹೋದ ವರ್ಷ ತೀರಿಕೊಂಡರು, ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ.

"ಹಂಗಾದ್ರೆ ನಮ್ಮ ಹುಡುಗಿ ಸಹೀನೂ ಬೇಕಾಗುತ್ತಾ ಈಗ?" ಅಂತ ಕೇಳಿದರು.

ಬೇಕಾಗುತ್ತೆ ಅತ್ತೆ ಅಂದೆ. ಒಳಗಿಂದ ದೊಡ್ಡ ಮಗ ಹೊರಗೆ ಬಂದ. ಅತ್ತೆ ಕಡ್ಲೆಕಾಯಿ ಮೊರ ನನ್ನ ಕಡೆ ತಳ್ಳಿ, "ತಿನ್ನು, ಹಸೀದು" ಅಂದರು.